ಒಪ್ಪಂದವಾಗುವವರೆಗೆ ಬಳ್ಳಿ ಕಾದ ತಾಯವ್ವ

ಮಿಡಿಸೌತೆಯನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ಉಪ್ಪಿನಕಾಯಿ ಕಂಪನಿಯವರು ಒಯ್ಯುತ್ತಾರೋ ಬಿಡುತ್ತಾರೋ ಎಂದು ತಾಯವ್ವ ಹೇಳಿಬಿಡುತ್ತಿದ್ದಳು. ಕಿರುಬೆರಳಷ್ಟಿದ್ದರೆ ಅದು ಉಪ್ಪುನೀರಿನ ಡ್ರಮ್ಮಿನಲ್ಲಿ ಕುಳಿತು ಅಮೆರಿಕಕ್ಕೆ ಹೋಗುತ್ತದೆ. ಒಂದು ದಿನ ಹೆಚ್ಚಿಗೆ ಬೆಳೆದರೆ ಎಮ್ಮೆಯ ಬಾಯಿಗೆ. ನಮ್ಮ ಕಡೆ ಯಾರೂ ಅದನ್ನು ಪಲ್ಯ ಮಾಡಿ ತಿಂದವರಲ್ಲ.

ಸಂಗೊಳ್ಳಿಯ ಹೊಳೆದಂಡೆಯಲ್ಲಿ ಮೊದಲು ಮಿಡಿಸೌತೆ ಹಾಕಿದವಳು ಆಕೆಯೇ. ಎರಡು ವರ್ಷ ಚಲೋ ಆಯಿತು. 2025ರ ಮುಂಗಾರಿಗೆ ಹನ್ನೊಂದು ಮನೆಯ ಹೆಂಗಸರನ್ನು ಕರೆದು, "ನೀವೂ ಹಾಕ್ರಿ, ನಾ ಅದೇನಿ" ಎಂದು ಧೈರ್ಯ ಕೊಟ್ಟಳು. ಆಕೆಯ ಮಾತು ಕೇಳಿ ಹತ್ತಿ ಬಿಟ್ಟು ಬಳ್ಳಿ ಹಬ್ಬಿಸಿದವರಲ್ಲಿ ಮಹಾನಂದಾ ಎಂಬ ಈ ಜಾಣಿ, ಅಂದರೆ ನಾನೂ ಒಬ್ಬಳು.

ಕಾಯಿ ಹರಿಯತೊಡಗಿ ಎರಡು ವಾರವಾಗಿತ್ತು. ಕಂಪನಿಯ ಅಜಿತ ಅಂದು ಕಾಯಿ ಒಯ್ಯುವ ಗಾಡಿ ತರದೆ ಬರಿ ಬೈಕಿನಲ್ಲಿ ಬಂದ.

"ತಾಯವ್ವಾರ, ನಾಳಿಂದ ಗಾಡಿ ಬರೂದಿಲ್ರಿ. ಅಮೆರಿಕಾದಾಗ ನಮ್ಮ ಮಾಲಿಗೆ ನೂರಕ್ಕ ಐವತ್ತು ಸುಂಕ ಹಾಕ್ಯಾರ. ಅಲ್ಲಿಯವ್ರು ಬ್ಯಾಡ ಅನ್ನಾಕತ್ಯಾರ."

"ಇಂಗ್ಲೆಂಡ ಕೂಡ ವ್ಯಾಪಾರದ ಒಪ್ಪಂದ ಆತಂತಲ್ಲೋ ಯಪ್ಪಾ. ಅಲ್ಲಿಗರ ಕಳಸ್ರಿ."

"ಸಹಿ ಆಗೈತಿ, ಇನ್ನ ಜಾರಿ ಆಗಿಲ್ರಿ. ನಮ್ಮ ಕಂಪನಿಗೆ ಅಲ್ಲಿ ಗಿರಾಕಿನೂ ಇಲ್ಲ. ಸುಂಕ ಇಳಸಾಕ ಅಮೆರಿಕಾದವ್ರ ಕೂಡ ಮಾತುಕತಿ ನಡದೈತಿ, ತಡೀರಿ."

ತಡೀರಿ ಎನ್ನಲು ಅವನ ಗಂಟೇನು ಹೋಗುತ್ತದೆ? ಬಳ್ಳಿ ತಡೆಯಬೇಕಲ್ಲ! ಮಿಡಿಯನ್ನು ಹರಿಯದೆ ಬಿಟ್ಟರೆ ಅದು ಬಲಿತು, ಬಳ್ಳಿ ಹೂ ಬಿಡುವುದನ್ನು ನಿಲ್ಲಿಸಿ ಒಣಗುತ್ತದೆ. ಒಪ್ಪಂದವಾಗುವ ಹೊತ್ತಿಗೆ ಬಳ್ಳಿ ಜೀವಂತ ಇರಬೇಕೆಂದರೆ ದಿನಾ ಎರಡು ಸಲ ಹರಿಯಲೇಬೇಕು.

"ಹರಿಯೂದು ನಿಲ್ಲಿಸಬ್ಯಾಡ್ರಿ" ಎಂದಳು ತಾಯವ್ವ.

ಹರಿದೆವು. ಹರಿದು ಎಮ್ಮೆಗೆ ಸುರಿದೆವು. ಎಮ್ಮೆಗಳೂ ಮುಖ ತಿರುಗಿಸಿದ ಮೇಲೆ ತಿಪ್ಪೆಗೆ ಸುರಿದೆವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಾವು ಬಡವಾದ ಜಗಳದಲ್ಲಿ ಗಂಡ ಯಾರು, ಹೆಂಡತಿ ಯಾರು ಎಂಬುದೂ ನಮಗೆ ತಿಳಿಯದು. ಬಳ್ಳಿಯ ಮುಳ್ಳುಗೂದಲಿಗೆ ಅಂಗೈ ಸುಲಿದವು. ಸಂಜೆಯಾದರೆ ತಾಯವ್ವ ಅಜಿತನಿಗೆ ಫೋನು ಹಚ್ಚಿ, "ಒಪ್ಪಂದ ಆತೇನೋ?" ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ಅವನು ಫೋನು ಎತ್ತುವುದನ್ನೇ ಬಿಟ್ಟ.

ತಿಂಗಳಾದ ಮೇಲೆ ಅವನೇ ಬಂದ. ಬೈಕಿನಿಂದ ಇಳಿಯಲೂ ಇಲ್ಲ.

"ಈ ಸಲದ ಆರ್ಡರ್ ಬ್ಯಾರೆ ದೇಶದವ್ರಿಗೆ ಹೋತ್ರಿ. ಇನ್ನ ಒಪ್ಪಂದ ಆದ್ರೂ ಈ ಬೆಳಿ ಒಯ್ಯಾಂಗಿಲ್ಲ. ಕಿತ್ತು ಹಾಕ್ರಿ."

ಮರುದಿನ ಮುಂಜಾನೆ ತಾಯವ್ವ ಹನ್ನೊಂದೂ ಹೊಲಕ್ಕೆ ನಡೆದುಕೊಂಡು ಹೋಗಿ, ಪ್ರತಿಯೊಬ್ಬರ ಮುಂದೆಯೂ ತಾನೇ ಸುದ್ದಿ ಹೇಳಿದಳು. ಯಾರೂ ಬೈಯಲಿಲ್ಲ. "ನೀ ಏನ ಮಾಡ್ತೀಯವ್ವಾ, ಬಿಡು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಕಡೆಗೆ ನನ್ನ ಹೊಲಕ್ಕೆ ಬಂದಳು.

"ಮಹಾನಂದಾ, ನೀನರ ಬೈಯವ್ವಾ. ಹತ್ತಿ ಹಾಕಾಕಿ ಇದ್ದಿ, ನಾ ಕೆಡಿಸಿದೆ."

ಒಂದು ತಿಂಗಳ ಸಿಟ್ಟು ಒಳಗಿತ್ತು. ಬೈಯಲು ಬಾಯಿ ತೆರೆದೆ, ಬಂದದ್ದು ಅಳು.

ತಾಯವ್ವ ಸೆರಗು ಸಿಗಿಸಿಕೊಂಡಳು. ನಾವು ಹರಿದು ಹರಿದು ಉಳಿಸಿದ್ದ ಬಳ್ಳಿಯ ತುಂಬ ಅಂದೂ ಹಳದಿ ಹೂವಿತ್ತು. ಆಕೆ ಮೊದಲ ಸಾಲಿಗೆ ಬಾಗಿ, ನನ್ನ ಮುಖ ನೋಡದೆ, ಒಂದೊಂದೇ ಬಳ್ಳಿಯನ್ನು ಬೇರುಸಹಿತ ಕೀಳತೊಡಗಿದಳು.