ಗಿರಣಿಗೆ ಹೊರಟ ಕುರ್ಚಿ

ಕಳೆದ ಭಾನುವಾರ ನಾಗಣಸೂರಿಗೆ ಹೋಗಿ ಚೆನ್ನಾಗಿ ಬೈಸಿಕೊಂಡು ಬಂದೆ. ಇಷ್ಟು ಖುಷಿಯಿಂದ ಬೈಸಿಕೊಂಡದ್ದು ಇದೇ ಮೊದಲು. (ಮನೆಯಲ್ಲಿ ದಿನಾ ಬೈಸಿಕೊಳ್ಳುವುದು ಬೇರೆ ಮಾತು.)

ಬೈದವಳು ನನ್ನ ಸೋದರತ್ತೆ, ಗಂಗತ್ತೆ. ನಾಲ್ಕು ವರ್ಷದ ಹಿಂದೆ ಬೆನ್ನಿಗೆ ಪೆಟ್ಟು ಬಿದ್ದು ಅವಳ ಕಾಲುಗಳು ನಿಂತುಹೋದವು. ಬಾಯಿ ನಿಲ್ಲಲಿಲ್ಲ. ಅವಳ ದೊಡ್ಡ ತಕರಾರು ಹಿಟ್ಟಿನದು. ಮೊದಲು ಜೋಳ ಬೀಸಿಸಲು ತಾನೇ ಗಿರಣಿಗೆ ಹೋಗಿ ಎದುರಿಗೆ ನಿಲ್ಲುತ್ತಿದ್ದಳು. ಆಮೇಲೆ ಮನೆಯವರು ಹೋಗತೊಡಗಿದರು.

“ಮಂದಿ ಗೋಧಿ ಬೀಸಿದ ಕಲ್ಲಿಗೇ ನನ್ನ ಜ್ವಾಳ ಸುರದ ಬರ್ತೀರಿ. ಇದು ರೊಟ್ಟಿನೋ, ಚಪಾತಿನೋ?”

ಎರಡು ತಿಂಗಳ ಹಿಂದೆ ಅವಳ ಮಗ ಸಿದ್ರಾಮ ಒಂದು ಬ್ಯಾಟರಿ ವ್ಹೀಲ್‌ಚೇರ್ ಕೊಡಿಸಲು ನಿರ್ಧರಿಸಿದ. ಅವ್ವನನ್ನು ಜೀಪಿನಲ್ಲಿ ಸೊಲ್ಲಾಪುರದ ಅಂಗಡಿಗೆ ಕರೆತಂದ. ನನ್ನನ್ನೂ ಕರೆದ. ಒಂದು ಲಗ್ನಪತ್ರಿಕೆಯ ಹಿಂದೆ ಅಳತೆಗಳನ್ನೆಲ್ಲ ಬರೆದು ತಂದಿದ್ದ. ಅಡುಗೆಮನೆಯ ಬಾಗಿಲು, ಬಚ್ಚಲ ಬಾಗಿಲು, ಕಪಾಟಿಗೂ ಮಂಚಕ್ಕೂ ನಡುವಿನ ಜಾಗ. ಪರ್ಫೆಕ್ಟ್!

ಅಂಗಡಿಯ ಮೇಡಂ ಅದನ್ನು ತಿರುವಿ ನೋಡಿದರು. “ದಾದಾ, ಮನಿ ಅಳತಿ ಬಂತು. ಕೂಡೋರ ಅಳತಿ?”

ಗಂಗತ್ತೆಯನ್ನು ನಾವು ಅಳೆದೇ ಇರಲಿಲ್ಲ. ಕಪಾಟು ಕೊಳ್ಳಲು ಬಂದವರ ಹಾಗೆ ಗೋಡೆ ಅಳೆದುಕೊಂಡು ಬಂದಿದ್ದೆವು. ಮೇಡಂ ತಾವೇ ಟೇಪ್ ಹಿಡಿದು ಅತ್ತೆಯ ಸೊಂಟ, ತೊಡೆ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದರು. ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು ಅವಳನ್ನೇ ಕೇಳಿದರು. “ಕುರ್ಚಿ ತಗೊಂಡು ಎಲ್ಲಿಗಿ ಹೋಗ್ತೀರಿ, ಮಾವಶಿ?”

ಸಿದ್ರಾಮ ಗಾಬರಿಯಾದ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. “ಹಂಗ ಕೇಳಬಾರದ್ರಿ ಮೇಡಂ. ದೂರ ಹೊಂಟೀರೇನ್ರಿ ಅನ್ಬೇಕು.”

“ಬರಂ, ಆತು, ಹಂಗ ಕೇಳ್ತೀನಿ. ದೂರ ಹೋಗೋರಿದ್ರ ಹಿಂದಿನ ಗಾಲಿಗಿ ಮೋಟಾರ್ ಇರೋದು ಛಲೋ. ಕಚ್ಚಾ ರಸ್ತೆದಾಗ ನೆಟ್ಟಗ ಹೋಗ್ತದ. ಮನ್ಯಾಗ ಅಷ್ಟ ಇದ್ರ ನಡುವಿನ ಗಾಲಿದು. ನಿಂತಲ್ಲೇ ತಿರಗತದ.”

“ಮನ್ಯಾಗಿಂದೇ ಕೊಡ್ರಿ,” ಎಂದ ಸಿದ್ರಾಮ. “ಅವ್ವ ಎಲ್ಲಿ ಹೋಗ್ತಾಳ?”

“ಟ್ರ್ಯಾಕ್ಟರ್ ಯಾವ ಗಾಲಿ ಮ್ಯಾಲ ನಡೀತದೋ?” ಎಂದಳು ಅತ್ತೆ.

“ಹಿಂದಿನ ಗಾಲಿ ಮ್ಯಾಲ...”

“ಹಂಗಾರ ನನಗ ಅದ ಬೇಕು. ನಾ ಗಿರಣಿಗಿ ಹೋಗಾಕಿ.”

ಅಡುಗೆಮನೆಯಲ್ಲಿ ತಿರುಗಿಸಲು ಟ್ರಕ್ಕಿನ ಹಾಗೆ ಹಿಂದೆ ಮುಂದೆ ಮಾಡಬೇಕಾಗುತ್ತದೆ ಎಂದು ಸಿದ್ರಾಮ ಹೇಳಿ ನೋಡಿದ. “ಅಡಗಿ ಮನ್ಯಾಗ ನೀ ತಿರಗು,” ಎಂದಳು. (ಇದನ್ನು ಅಂಗಡಿಯಲ್ಲೇ ಅಂದಳೋ, ವಾಪಸು ಹೋಗುವಾಗ ಜೀಪಿನಲ್ಲೋ, ಈಗ ಖಾತ್ರಿಯಿಲ್ಲ. ಅಂಗಡಿಯಲ್ಲಿ ಅಂದಳೆಂದರೆ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ನನ್ನ ಮೇಲೆ ಅನುಮಾನ.)

ಕುರ್ಚಿ ನಡೆಸುವ ಜಾಯ್‌ಸ್ಟಿಕ್‌ನ ಜಗಳ ಮಾತ್ರ ಅಂಗಡಿಯಲ್ಲೇ ಆದದ್ದು. ಅತ್ತೆ ಎಡಕ್ಕೆ ಹಾಕಿಸಿದಳು.

“ಎಡಗೈಲೆ ನಡಸ್ತಿ? ಮಂದಿ ಏನಂತಾರ, ಅವ್ವಾ?”

“ಬಲಗೈಲೆ ಹಿಟ್ಟಿನ ಡಬ್ಬಿ ಯಾರು ಹಿಡೀತಾರ, ಮಂದಿ?”

ಮುಂದಿನ ಪುಟ್ಟ ಗಾಲಿಗಳು ಮಣ್ಣಲ್ಲಿ ಹೂತುಹೋಗಬಾರದೆಂದು ಸ್ವಲ್ಪ ದೊಡ್ಡವು. ಕಲ್ಲಿಗೆ ತಾಗಬಾರದೆಂದು ಪಾದದ ಹಲಗೆ ಎರಡು ಬೆರಳು ಮೇಲೆ. ಒಂದೊಂದಕ್ಕೂ ಅವಳ ಉತ್ತರ ತಯಾರಿತ್ತು. ನಾಲ್ಕು ವರ್ಷದಿಂದ ಮಂಚದ ಮೇಲೆ ಕೂತು ಆ ದಾರಿಯ ತಗ್ಗು ದಿಣ್ಣೆಗಳನ್ನೆಲ್ಲ ಎಣಿಸುತ್ತಿದ್ದಳೋ ಏನೋ!

ನಾವು ಅವಳಿಗೆ ಔಷಧ ಆಯ್ತಾ ಎಂದು ಕೇಳಿದ್ದೆವು. ಊಟ ಸೇರಿತಾ, ಫ್ಯಾನ್ ಹಾಕಲಾ ಎಂದು ಕೇಳಿದ್ದೆವು. ಎಲ್ಲಿಗೆ ಹೋಗಬೇಕು ಎಂದು ಯಾರು ಕೇಳಿದ್ದೆವು? ಅಪಶಕುನದ ಭಯ ಅನ್ನುವಂತೆಯೂ ಇಲ್ಲ. ಅವಳು ಹೊರಡಬಹುದೆಂದೇ ನಮಗೆ ಹೊಳೆದಿರಲಿಲ್ಲ. ಸೇಫ್ ಆಗಿರಲಿ ಎಂದರೆ ನಮ್ಮ ಕಣ್ಣೆದುರೇ ಇರಲಿ ಎಂದು ಅರ್ಥ ಮಾಡಿಕೊಂಡಿದ್ದೆವು.

ಭಾನುವಾರ ನಾನು ಹೋದಾಗ, ಅಳತೆ ಕೊಟ್ಟು ಮಾಡಿಸಿದ ಕುರ್ಚಿ ಬಂದು ಮೂರು ದಿನವಾಗಿತ್ತು. ಅಂಗಳದಲ್ಲಿ ಪ್ರಾಕ್ಟೀಸ್ ಮುಗಿದಿತ್ತು. (ತುಳಸಿಕಟ್ಟೆಯ ಒಂದು ಮೂಲೆ ಹಾರಿತ್ತು.) ಹೊಸ್ತಿಲ ಮೇಲೆ ಹಲಗೆಯ ಇಳಿಜಾರು. ಅತ್ತೆ ಇಸ್ತ್ರಿ ಸೀರೆ ಉಟ್ಟು, ತೊಡೆಯ ಮೇಲೆ ಜೋಳದ ಡಬ್ಬಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ಸಿದ್ರಾಮ ಹಿಂದೆ ಓಡಲು ಚಪ್ಪಲಿ ಹುಡುಕುತ್ತಿದ್ದ. ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ. ಬಾಯಿ ತಾನಾಗಿಯೇ ತೆರೆಯಿತು.

“ಅತ್ತಿ, ಎಲ್ಲಿಗಿ ಹೊಂಟಿ?”

ಕುರ್ಚಿ ಗಕ್ಕನೆ ನಿಂತಿತು.

“ಹೊಂಟೋರಿಗೆ ಎಲ್ಲಿಗಿ ಅಂತಾರೇನೋ ಮಂಗ್ಯಾ? ಪೇಪರಿನ್ಯಾಗ ಬರ್ಯಾಂವ, ಇಷ್ಟೂ ತಿಳಿವಲ್ದು?”

ಶಾಸ್ತ್ರದಂತೆ ರಿವರ್ಸ್ ಹಾಕಿ ಒಳಗೆ ಹೋದಳು. ಸೊಸೆಯ ಕೈಯಿಂದ ನೀರು ತರಿಸಿ ಕುಡಿದಳು. ಐದು ನಿಮಿಷ ಸುಮ್ಮನೆ ಕೂತಳು. ಮತ್ತೆ ಹೊರಟಳು. ಈ ಸಲ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ಓಣಿಯ ತಿರುವಿನವರೆಗೂ ಅವಳ ಬೈಗುಳ ಕೇಳಿಸುತ್ತಿತ್ತು.

ನಾಲ್ಕು ವರ್ಷದಲ್ಲಿ ಹೊರಟವಳಿಂದ ಈ ಬೈಗುಳ ತಿನ್ನುವ ಭಾಗ್ಯ ಆ ಮನೆಯಲ್ಲಿ ಯಾರಿಗೆ ಸಿಕ್ಕಿತ್ತು, ಹೇಳಿ?