ನಳಕ್ಕೆ ಸುತ್ತಿದ ತಂತಿ

…ಅಥವಾ ಆ ತಂತಿ ಹಸಿರಾಗಿರಲೇ ಇಲ್ಲವೇನೋ. ಸುರಪುರದಲ್ಲಿ ನನ್ನ ಭಾವನ ಹಿಟ್ಟಿನ ಗಿರಣಿ, ಅದರ ಹಿಂಬಾಗಿಲಲ್ಲಿ ಒಂದು ನೀರಿನ ನಳ, ನಳದ ಕುತ್ತಿಗೆಗೆ ಸುತ್ತಿದ, ಮಷೀನಿನಿಂದ ಬಂದ ಅರ್ಥಿಂಗ್ ತಂತಿ. ಕಣ್ಣು ಮುಚ್ಚಿದರೆ ಅದು ಎಳೆ ಹುಲ್ಲಿನಷ್ಟು ಹಸಿರಾಗಿ ಕಾಣುತ್ತದೆ. ಆದರೆ ಯಾದಗಿರಿಯ ಪಾಲಿಟೆಕ್ನಿಕ್ಕಿನಲ್ಲಿ ಇಷ್ಟು ವರ್ಷ ಹಲಗೆಯ ಮೇಲೆ ಅರ್ಥಿಂಗ್ ತಂತಿಯನ್ನು ಹಸಿರು ಸೀಮೆಸುಣ್ಣದಲ್ಲಿ ಎಳೆಯುತ್ತ ಬಂದವನು ನಾನು. ನೆನಪಿಗೂ ಅದೇ ಸುಣ್ಣ ಬಳಿದಿರಬೇಕು. ಅಕ್ಕ ಕಪ್ಪು ತಂತಿ ಎನ್ನುತ್ತಾಳೆ. ತಂತಿ ಇತ್ತು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದೇ.

ಭಾವ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಗಿರಣಿಯ ಮಷೀನಿನ ಪಕ್ಕ ಬಿದ್ದಿದ್ದವನನ್ನು ಅಕ್ಕನೇ ಮೊದಲು ಕಂಡದ್ದು. ಡಾಕ್ಟರು ಎದೆ ಎಂದರು. ಅವನಿಗೆ ಎದೆನೋವು ಇದ್ದದ್ದು ನಿಜ. ಆದರೆ ಕೆಲವು ದಿನಗಳಿಂದ ಮಷೀನು ಮುಟ್ಟಿದರೆ ಜುಮ್ಮೆನ್ನುತ್ತಿದ್ದದ್ದೂ ನಿಜ. ಜೋಳ ಬೀಸಿಸಲು ಬಂದ ಹೆಂಗಸರು ಗೋಣಿಚೀಲದ ಮೇಲೆ ನಿಂತು ಹಿಟ್ಟು ಹಿಡಿಯುತ್ತಿದ್ದರು. ಅದಕ್ಕೂ ಸ್ವಲ್ಪ ಮೊದಲು ಅಕ್ಕ ಗಂಡನ ಬೆನ್ನುಹತ್ತಿ ತುಕ್ಕು ಹಿಡಿದ ಕಬ್ಬಿಣದ ನಳ ಕೀಳಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದ್ದಳು. ಪ್ಲಾಸ್ಟಿಕ್ಕಿನಲ್ಲಿ ನೀರು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಇದನ್ನು ಯಾರೋ ಅವಳಿಗೆ ಹೇಳಿಬಿಟ್ಟರು.

"ತಮ್ಮಾ, ನೀ ಇದನ್ನ ಕಲಿಸಾಂವ," ಎಂದಳು. "ಲೆಕ್ಕಾ ಹಾಕಿ ಹೇಳು. ನಾ ಹಾಕಿಸಿದ ನಳದಿಂದ ಹೋದನೇನು ಅಂವ?"

ಲೆಕ್ಕ ಹಾಕುವುದು ನನಗೆ ಬರುತ್ತದೆ. ಬರದಿದ್ದರೆ ಎಷ್ಟು ಚೆನ್ನಾಗಿತ್ತು.

ಸೋರಿದ ಕರೆಂಟನ್ನು ಭೂಮಿ ನುಂಗಿಬಿಡುತ್ತದೆ ಎಂದು ಜನ ತಿಳಿದಿದ್ದಾರೆ. ಓದುವ ಮೊದಲು ನಾನೂ ಹಾಗೇ ತಿಳಿದಿದ್ದೆ. ಸೀತೆಯನ್ನೇ ಒಳಗೆ ಕರೆದುಕೊಂಡವಳಿಗೆ ಇದೇನು ಮಹಾ. ಭೂಮಿ ನುಂಗುವುದಿಲ್ಲ. ಕರೆಂಟಿನ ಬುದ್ಧಿ ನಮ್ಮ ಸರ್ಕಾರಿ ಬಸ್ಸಿನದು. ಯಾದಗಿರಿ ಬಿಟ್ಟು, ಶಹಾಪುರದಲ್ಲಿ ಚಹಾಕ್ಕೆ ನಿಂತು, ಸುರಪುರ ಮುಟ್ಟಿದರೂ ಕೊನೆಗೆ ಅದು ತನ್ನ ಡಿಪೋಗೆ ಮರಳಬೇಕು. ಕರೆಂಟಿನ ಡಿಪೋ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್. ಮಷೀನಿನ ಮೈಗೆ ಸೋರಿದ್ದು ಅರ್ಥಿಂಗ್ ತಂತಿ ಹಿಡಿದು, ಮಣ್ಣು ಹಿಡಿದು ಅಲ್ಲಿಗೇ ಹೋಗುತ್ತದೆ. ಈ ಹೋಗಿಬರುವ ದಾರಿಯ ಒಟ್ಟು ಅಡ್ಡಿಗೆ ಪುಸ್ತಕದಲ್ಲಿ ಲೂಪ್ ಇಂಪಿಡೆನ್ಸ್ ಎನ್ನುತ್ತಾರೆ. ಇನ್ನೂರ ಮೂವತ್ತು ವೋಲ್ಟನ್ನು ಅದರಿಂದ ಭಾಗಿಸಬೇಕು. ಅಡ್ಡಿ ಎರಡು ಓಮ್ ಇದ್ದರೆ ನೂರಕ್ಕೂ ಹೆಚ್ಚು ಆಂಪಿಯರ್ ನುಗ್ಗಿ ಫ್ಯೂಸು ಸುಟ್ಟು ಮನುಷ್ಯ ಉಳಿಯುತ್ತಾನೆ. ನಲವತ್ತು ಓಮ್ ಇದ್ದರೆ ಆರು ಆಂಪಿಯರೂ ಇಲ್ಲ. ಗಿರಣಿಯ ಫ್ಯೂಸು ಬೆಚ್ಚಗೂ ಆಗದು. ಮಷೀನು ಮೈಯೆಲ್ಲ ಕರೆಂಟು ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ. ದೋಷ ದೊಡ್ಡದಾದಷ್ಟೂ ಜೀವಕ್ಕೆ ಒಳ್ಳೆಯದು ಎಂದು ನಾನು ಪ್ರತಿ ವರ್ಷ ನಗುತ್ತ ಹೇಳುತ್ತಿದ್ದೆ, ಹುಡುಗರೂ ನಗುತ್ತಿದ್ದರು.

ಲೆಕ್ಕಕ್ಕೆ ಎರಡು ಭಾಗ: ಮನೆಯೊಳಗಿನ ಅಡ್ಡಿ, ಹೊರಗಿನ ಅಡ್ಡಿ. ಒಳಗಿನದಕ್ಕೆ ತಂತಿಯ ಉದ್ದ, ದಪ್ಪ ಅಳೆದರೆ ಮುಗಿಯಿತು. ಹೊರಗಿನದನ್ನು ಪರೀಕ್ಷೆಯಲ್ಲಿ ಕೊಟ್ಟುಬಿಡುತ್ತೇವೆ: 'ಇಷ್ಟು ಎಂದು ಭಾವಿಸಿ'. ನನ್ನ ಇಡೀ ನೌಕರಿ ಆ ಒಂದು ಪದದ ಮೇಲೆ ನಿಂತಿದೆ. ಸುರಪುರದ ಬೀದಿಯಲ್ಲಿ ಭಾವಿಸಿ ಎನ್ನುವವರು ಯಾರೂ ಸಿಗಲಿಲ್ಲ.

ಈ ಮಳೆಗಾಲದಲ್ಲಿ, ಈ ಅಡ್ಡಿ ಅಳೆಯುವ ಕಾಲೇಜಿನ ಟೆಸ್ಟರನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಬೀದಿಯ ದೊಡ್ಡ ಪೈಪು ಕಬ್ಬಿಣದ್ದಾಗಿದ್ದರೆ ನಳಕ್ಕೆ ಸುತ್ತಿದ ತಂತಿ ಒಳ್ಳೆಯ ಅರ್ಥಿಂಗೇ. ಆಗ ಅದನ್ನು ಕಡಿದದ್ದು ಅಕ್ಕನ ಪ್ಲಾಸ್ಟಿಕ್ಕು. ಬೀದಿ ಮೊದಲೇ ಪ್ಲಾಸ್ಟಿಕ್ ಆಗಿದ್ದರೆ ಆ ತಂತಿ ಮಾರುದ್ದದ ತುಕ್ಕಿಗೆ ಕಟ್ಟಿದ ದಾರ, ಅಕ್ಕ ನಿರಪರಾಧಿ. ಹಾಗಾಗಿ ಕಬ್ಬಿಣ ಹುಡುಕುತ್ತ ಹಿಂಬಾಗಿಲಲ್ಲಿ ನೆಲ ಕೆದರುತ್ತಿದ್ದೆ. ಪಕ್ಕದ ಮನೆಯ ಯಲ್ಲವ್ವ ಗೋಡೆಯಾಚೆಯಿಂದ ಇಣುಕಿದಳು.

"ಏನ್ ಮಾಸ್ತರ, ನಿಮ್ಮ ಭಾವ ಬಂಗಾರ ಹೂತಿಟ್ಟಾನೇನು?"

"ಬಂಗಾರ ಅಲ್ಲಬೇ, ಕಬ್ಬಿಣ ಹುಡುಕಾಕತ್ತೇನಿ."

"ಕಲತವರ ಹಣೇಬಾರನ ಇಷ್ಟು ಬಿಡು," ಎಂದು ಒಳಗೆ ಹೋದಳು.

ಬೀದಿ ಅಗೆಯುವಂತಿಲ್ಲ, ಸಿಮೆಂಟ್ ಬಿದ್ದಿದೆ. ನೀರು ಬಿಡುವಾತನನ್ನು ಕೇಳಿದೆ. "ಒಂದ್ ಕಡಿ ಕಬ್ಬಣ, ಒಂದ್ ಕಡಿ ಪ್ಲಾಸ್ಟಿಕ್ ಅದಾವ್ರಿ ಸರ. ಒಡದಲ್ಲಿ ಸಿಕ್ಕಿದ್ದು ಜೋಡಿಸ್ಯಾರ. ಯಾವಾಗಂತ ಕೇಳಿದ್ರ ನಾ ಏನ್ ಹೇಳ್ಲಿ?"

ಗಿರಣಿಗೆ ಈಗ ಇದ್ದಿಲು, ಉಪ್ಪು ತುಂಬಿದ ಹೊಸ ಅರ್ಥಿಂಗ್ ಗುಂಡಿ ಮಾಡಿಸಿದ್ದೇವೆ. ಟೆಸ್ಟರು ಹಚ್ಚಿದರೆ ಒಳ್ಳೆಯ ಅಂಕಿಯೇ ಬಂತು. ಆದರೆ ಇದು ನೀರು ಕುಡಿದ ಮಣ್ಣಿನ ಅಂಕಿ. ಭಾವ ಸತ್ತಾಗ ಇದೇ ಎರೆಮಣ್ಣು ಕೈ ತೂರುವಷ್ಟು ಬಿರಿದಿತ್ತು. ಟೆಸ್ಟರಿನ ಯಾವ ಗುಂಡಿ ಒತ್ತಿದರೂ ಅದು ಇವತ್ತಿನದನ್ನೇ ಹೇಳುತ್ತದೆ. ಆ ದಿನದ ಅಂಕಿ ಸಿಕ್ಕಿದ್ದರೂ ಫ್ಯೂಸು ಹಾರುತ್ತಿತ್ತೇ ಇಲ್ಲವೇ ಎಂದಷ್ಟೇ ತಿಳಿಯುತ್ತಿತ್ತು. ಭಾವ ಮಷೀನು ಮುಟ್ಟಿದ್ದನೇ ಎಂದಲ್ಲ.

ಅಕ್ಕ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. "ಆತೇನು ಲೆಕ್ಕಾ?"

"ಆತಕ್ಕಾ," ಎಂದೆ. "ನೀ ನಳ ಹಾಕಿಸೂಕಿಂತ ಮೊದ್ಲ ಆ ಅರ್ಥಿಂಗ್ ಸತ್ತಿತ್ತು. ಬೀದ್ಯಾಗ ಪ್ಲಾಸ್ಟಿಕ್ ಇತ್ತು. ನಿಂದೇನೂ ಇಲ್ಲ."

"ನೀ ನೋಡೀಯೇನು?"

"ನೋಡಿಲ್ಲ. ಹಂಗಂತ ತಿಳ್ಕೊಂಡ್ರ…"

"ನೋಡಲಾರದ್ದು ಹೇಳಬ್ಯಾಡ."

ಎದ್ದು ಕೊಡ ತಂದು, ಮಣ್ಣು ಒಣಗದಿರಲೆಂದು ನಾನೇ ಹೇಳಿಕೊಟ್ಟಂತೆ ಗುಂಡಿಗೆ ನೀರು ಸುರಿದಳು. ಮಳೆ ಬಂದ ಮರುದಿನವೂ ಸುರಿಯುತ್ತಾಳಂತೆ. ನೀರು ಗುಳುಗುಳು ಎನ್ನುತ್ತ ಇಳಿಯಿತು. ಇಬ್ಬರೂ ಅದು ಇಂಗುವುದನ್ನೇ ನೋಡುತ್ತ ನಿಂತೆವು.

ಗಿರಣಿ ಇನ್ನೂ ಶುರುವಾಗಿಲ್ಲ. ಆ ದಿನ ಬೀದಿಯ ಕೆಳಗೆ ಏನಿತ್ತು ಎಂಬುದು ನನಗೆ ಗೊತ್ತಿಲ್ಲ.