ಸುಮ್ಮನಿದ್ದವರ ಮತ

ನಲವತ್ತು ದಾಟಿದ ನಾವು ನಾಲ್ವರು ಮೊಬೈಲಿನಲ್ಲಿ ರಾಜ್ಯ ಕಟ್ಟುವ ಆಟ ಆಡುತ್ತೇವೆ ಎಂದರೆ ಹುಕ್ಕೇರಿಯ ಆಸ್ಪತ್ರೆಯಲ್ಲಿ ನನ್ನ ಜೊತೆಯ ನರ್ಸುಗಳು ನಗುತ್ತಾರೆ. ನಗಲಿ. ನಮ್ಮಲ್ಲಿ ಮೂವರು ಗೋಕಾಕದಲ್ಲಿ ಒಟ್ಟಿಗೆ ಕಾಲೇಜು ಕಲಿತವರು. ಒಬ್ಬ ಗೋಕಾಕದಲ್ಲೇ ಉಳಿದ. ಒಬ್ಬಳು ಮೂಡಲಗಿಯಲ್ಲಿ ಟೀಚರಾದಳು. ನಾಲ್ಕನೆಯವನು ಗೋಕಾಕದವನ ತಮ್ಮ, ಅದೇ ಮನೆಯಲ್ಲಿರುವವನು. ವರ್ಷಕ್ಕೊಮ್ಮೆಯೂ ಸರಿಯಾಗಿ ಭೇಟಿಯಾಗದ ನಮ್ಮನ್ನು ಕಟ್ಟಿಹಾಕಿದ್ದು ಈ ಆಟವೇ.

ಆಟದಲ್ಲಿ ರಾಜ್ಯ ಒಂದೇ, ನಾಲ್ವರೂ ಅದರ ಒಡೆಯರು. ವಲಸೆಗಾರರ ತಂಡವೊಂದು ಹೊರಟು ನಾವು ತೋರಿಸಿದ ಜಾಗದಲ್ಲಿ ಊರು ಹೂಡುತ್ತದೆ. ಒಮ್ಮೆ ಹೂಡಿದ ಊರನ್ನು ಕಿತ್ತು ಬೇರೆ ಕಡೆ ಇಡಲಾಗದು. ಅದಕ್ಕೇ ಪ್ರತಿ ಊರಿಗೂ ಗ್ರೂಪಿನಲ್ಲಿ ಮತ ಹಾಕಬೇಕೆಂದು ಮೊದಲ ದಿನವೇ ಮಾತಾಗಿತ್ತು.

ಐದನೆಯ ಊರಿನ ಸರದಿ ಬಂತು. ಹೊಳೆ ಸಮುದ್ರ ಸೇರುವ ಕಡೆ ಇಡೋಣ, ನೀರೂ ಇದೆ, ಬಂದರು ಕಟ್ಟಲೂ ಆಗುತ್ತದೆ ಎಂದು ಭಾನುವಾರ ಉದ್ದಕ್ಕೆ ಬರೆದಿದ್ದೆ. ಮಂಗಳವಾರ ಹೆರಿಗೆ ಕೋಣೆಯಿಂದ ಹೊರಬಂದು ಮೊಬೈಲು ತೆಗೆದಾಗ ಮಧ್ಯಾಹ್ನ ಮೂರು ದಾಟಿತ್ತು. ಊರು ಎದ್ದಾಗಿತ್ತು. ಬೋಳು ಗುಡ್ಡದ ಕೆಳಗೆ, ಆಟದ ವೈರಿರಾಜ್ಯದ ಗಡಿಗೆ ಅಂಟಿಕೊಂಡು. ಬೆಳಿಗ್ಗೆ ಹತ್ತೂವರೆಗೆ ಗೋಕಾಕದವನು, 'ಅರ್ಧ ತಾಸಿನ್ಯಾಗ ಹೇಳ್ರಿ' ಎಂದು ಬರೆದಿದ್ದ. ಅದರ ಕೆಳಗೆ ಅವನದೇ ಷರಾ: 'ನಾಲ್ಕಕ್ಕ ನಾಲ್ಕು. ಇಟ್ಟೇನಿ.'

ಮೂರೇ ದಿನದಲ್ಲಿ ವೈರಿ ಆ ಊರನ್ನು ನುಂಗಿದ. ಆಗ ಅವನು ಬರೆದ: 'ಎಲ್ಲಾರೂ ಕೂಡಿ ಇಟ್ಟ ಊರು. ಯಾರ ತಪ್ಪೂ ಅಲ್ಲ.'

ಊರು ಹೋದದ್ದಕ್ಕಲ್ಲ, ಆ 'ಎಲ್ಲಾರೂ' ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಹಳೆಯ ಮೆಸೇಜುಗಳನ್ನು ಒಂದೊಂದಾಗಿ ನೋಡಿದೆ. ಐದು ಊರಿಗೂ ಅವನು ಕೇಳಿದ್ದು ಬೆಳಗಿನ ಹತ್ತು ಹನ್ನೊಂದರ ನಡುವೆ, ನಾನು ಡ್ಯೂಟಿಯಲ್ಲಿ, ಗೆಳತಿ ತರಗತಿಯಲ್ಲಿ ಇರುವಾಗ. ಐದಕ್ಕೂ 'ನಾಲ್ಕಕ್ಕ ನಾಲ್ಕು'.

ಮೂಡಲಗಿಯವಳಿಗೆ ಫೋನು ಮಾಡಿ ಕರೆಸಿಕೊಂಡೆ. ಭಾನುವಾರ ಇಬ್ಬರೂ ಗೋಕಾಕದ ಅವನ ಮನೆಗೆ ಹೋದೆವು. ಅವನ ತಾಯಿ, "ಬರ್ರೆವಾ, ಚಾ ಮಾಡ್ತೇನಿ" ಎಂದರು. ನಾನು ಕೂಡಲೂ ಇಲ್ಲ.

"ನಾ ಯಾವಾಗ ಒಪ್ಪೀನಿ? ತೋರ್ಸು."

ಅವನು ನಕ್ಕ. "ನೀ ಬ್ಯಾಡ ಅನ್ಲಿಲ್ಲಲಾ. ಸುಮ್ನಿದ್ರ ಒಪ್ಪಿದಂಗ. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರ್ಯಾರು ಹೇಳ್ಯಾರ."

"ನಾ ಸುಮ್ನ ಕೂತಿರಲಿಲ್ಲೋ. ಹೆರಿಗಿ ಮಾಡಸಾಕತ್ತಿದ್ದೆ!"

"ಆಟಕ್ಕ ಇಷ್ಟ್ ಸಿಟ್ಟೇನು?"

"ಆಟಾ ಅಂತ ನನ್ನ ಮತಾ ನಿಂದಾಗತೈತೇನು?"

ಗೆಳತಿ ತಲೆ ತಗ್ಗಿಸಿ ನಿಂತಿದ್ದಳು. "ಒಂದ ಊರಿಗೂ ನಾ ಹೂಂ ಅಂದಿಲ್ಲ. ಸಾಲ್ಯಾಗ ಮೊಬೈಲ್ ಮುಟ್ಟಾಕ ಬರಂಗಿಲ್ಲ ನಮಗ. ಹೋಗ್ಲಿ ಬಿಡು, ಆಟಾ ಅಲ್ಲೇನು ಅಂತ ಬಿಟ್ಟಿದ್ದೆ." ಆ 'ಹೋಗ್ಲಿ ಬಿಡು' ಕೇಳಿ ಅವಳ ಮೇಲೂ ಸಿಟ್ಟು ಬಂತು. ನಾಲ್ಕು ಊರಿನವರೆಗೆ ಅದನ್ನೇ ಅಂದುಕೊಂಡಿದ್ದ ನನ್ನ ಮೇಲೂ ಬಂತು.

ಅಷ್ಟರಲ್ಲಿ ಒಳಗಿನಿಂದ ಅವನ ತಮ್ಮ ಬಂದ. ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ರಾತ್ರಿ ಪಾಳಿ ಅವನದು. ಬಾಗಿಲಿಗೆ ಒರಗಿ ಮೆಲ್ಲಗೆ ಹೇಳಿದ: "ಅಕ್ಕಾ ಹೇಳೂದು ಖರೆ ಐತಿ ಅಣ್ಣಾ. ಮುಂಜಾನಿ ನಾ ಮಲಗಿರ್ತೇನಿ. ನನ್ನ ಮೊಬೈಲ್ ತಗೊಂಡು ನನ್ನ ಮತಾನೂ ನೀನ ಒತ್ತೀದಿ."

ನಾಲ್ಕಕ್ಕೆ ನಾಲ್ಕು ಎಂದರೆ ಒಬ್ಬನೇ!

ನಿಂತಲ್ಲೇ ಕರಾರು ಹಾಕಿದೆ. ನಾಲ್ವರೂ ಬಾಯಿಬಿಟ್ಟು ಹೇಳುವ ತನಕ ಊರು ಇಡುವಂತಿಲ್ಲ. ಚರ್ಚೆಗೆ ಮೊದಲೇ ಒಬ್ಬೊಬ್ಬರೂ ತಮ್ಮ ಜಾಗ, ಅದಕ್ಕೆ ಕಾರಣ ಚೀಟಿಯಲ್ಲಿ ಬರೆಯಬೇಕು, ಎಲ್ಲ ಚೀಟಿ ಒಟ್ಟಿಗೆ ಬಿಚ್ಚಬೇಕು. ಎರಡಕ್ಕೆ ಎರಡಾದರೆ ಹಿಂದಿನ ಸಲ ಸೋತವರ ಮಾತು ನಡೆಯಬೇಕು.

"ಹಿಂಗಾದ್ರ ಆಟಾ ಮುಂದ ಹೋಗಂಗಿಲ್ಲ" ಎಂದ ಅವನು.

"ನಿಂತ್ರ ನಿಲ್ಲಲಿ" ಎಂದಳು ಗೆಳತಿ. ನಾನಲ್ಲ, ಅವಳು.

ಅವತ್ತೇ ಆರನೆಯ ಊರಿಗೆ ಚೀಟಿ ಬರೆದೆವು. ಮಾತಾಡಿ, ಜಗಳಾಡಿ, ಕೊನೆಗೆ ಮೂರು ಮತ ತಮ್ಮನ ಜಾಗಕ್ಕೆ ಬಿದ್ದವು. ನನ್ನ ಜಾಗಕ್ಕೆ ನನ್ನದೊಂದೇ. ಸೋತೆ. ಆ ಸೋಲಿಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಅವನ ತಾಯಿ ಎರಡನೆಯ ಸಲ ತಂದಿಟ್ಟ ಚಾ ಕುಡಿದೇ ಬಸ್ಸು ಹತ್ತಿದೆ.

ಈಗಲೂ ಆಡುತ್ತೇವೆ. ಮೂಡಲಗಿಯವಳು ಪುಟ ತುಂಬ ಕಾರಣ ಬರೆದು ಫೋಟೋ ಕಳಿಸುತ್ತಾಳೆ. ಗೋಕಾಕದವನು ಮಾತ್ರ ಇವತ್ತಿನವರೆಗೂ ತಪ್ಪಾಯಿತು ಎಂದಿಲ್ಲ. ಅನ್ನು ಎಂದು ನಾನೂ ಕೇಳಿಲ್ಲ. ಕೇಳಿ ಪಡೆದರೆ ಅದಕ್ಕೇನು ಬೆಲೆ? ಅವನ ಮೆಸೇಜು ಬಂದಾಗಲೆಲ್ಲ ಮೊದಲು ಹಲ್ಲು ಕಚ್ಚುತ್ತೇನೆ, ಆಮೇಲೆ ಉತ್ತರ ಬರೆಯುತ್ತೇನೆ.